ಬಲದ ಹೂವು, ಎಡದ ಹೂವು

ನನ್ನ ತಂಗಿ ಸ್ನೇಹಾ ತೀರಿಕೊಂಡ ಮೇಲೆ ಅವಳ ಗಂಡ ಸಿದ್ದಲಿಂಗೇಶ ಗುಡಿ ಬಿಟ್ಟು ಏಳುತ್ತಿಲ್ಲ ಎಂಬ ಸುದ್ದಿ ಬ್ಯಾಡಗಿಯಿಂದ ರಾಣೆಬೆನ್ನೂರಿಗೆ ಬಂದಾಗ ನನಗೆ ಮೊದಲು ಬಂದದ್ದು ಸಿಟ್ಟು. ಹೈಸ್ಕೂಲಿನಲ್ಲಿ ಗಣಿತ ಕಲಿಸುವ ಮನುಷ್ಯ. ಮದುವೆಗೆ ಮುಹೂರ್ತ ನೋಡುವುದೇ ದಂಡ ಎಂದು ಹಿರಿಯರ ಮುಂದೆ ವಾದ ಹೂಡಿದವನು. ಆ ಗುಡಿಯ ಮಾತು ಕೇಳಿ ಹೆಂಡತಿಯನ್ನು ಕಳೆದುಕೊಂಡವನು ಈಗ ಮತ್ತೆ ಅಲ್ಲೇ ಹೋಗಿ ಕಂಬಕ್ಕೊರಗಿ ಕೂರುವುದೆಂದರೆ ಏನು? ನನ್ನ ಹೊಲಿಗೆ ಅಂಗಡಿಯನ್ನು ಕೆಲಸದ ಹುಡುಗಿಯರ ಮೇಲೆ ಬಿಟ್ಟು ಒಂದು ಶುಕ್ರವಾರ ಬೆಳಿಗ್ಗೆ ಬಸ್ಸು ಹತ್ತಿದೆ. ಮೋಟೆಬೆನ್ನೂರು ದಾಟುವಷ್ಟರಲ್ಲಿ ಅವನಿಗೆ ಏನೇನು ಅನ್ನಬೇಕೆಂದು ಎಲ್ಲ ಜೋಡಿಸಿಕೊಂಡಿದ್ದೆ.

ಓಣಿಯ ತುದಿಯ ದ್ಯಾಮವ್ವನ ಗುಡಿಯಲ್ಲಿ ಅವನು ಸಿಕ್ಕ. ಸಾಲೆಗೆ ಹೋಗುವ ಪ್ಯಾಂಟು, ಇಸ್ತ್ರಿ ಇಲ್ಲದ ಅಂಗಿ. ಪಕ್ಕದಲ್ಲಿ ಎರಡು ಸ್ಟೀಲ್ ಡಬ್ಬಿ. ಅಂಗಿಯ ಜೇಬಿನ ತುಂಬ ಹುಣಸೆಬೀಜ. ಒಳಗೆ ಯಾರೋ ಹೂ ಕೇಳುತ್ತಿದ್ದರು. ಎಸಳು ಬಿದ್ದ ಕೂಡಲೇ ಇವನು ಜೇಬಿನಿಂದ ಒಂದು ಬೀಜ ತೆಗೆದು ಒಂದು ಡಬ್ಬಿಗೆ ಹಾಕಿದ.

"ಇದೇನು ಜಪಾ?" ಎಂದೆ. ಜೋಡಿಸಿಕೊಂಡು ಬಂದ ಮಾತೆಲ್ಲ ಮರೆತೇ ಹೋಗಿತ್ತು.

"ಜಪ ಅಲ್ರಿ ಅಕ್ಕಾರ. ಎಣಸಾಕತ್ತೇನಿ."

ಹೂ ಕೇಳುವುದೆಂದರೆ ನಮ್ಮ ಕಡೆ ಎಲ್ಲರಿಗೂ ಗೊತ್ತು. ದೇವಿಯ ಎರಡೂ ಭುಜಕ್ಕೆ ಪೂಜಾರಿ ಒಂದೊಂದು ಎಸಳನ್ನು ನೀರಲ್ಲಿ ಅದ್ದಿ ಅಂಟಿಸುತ್ತಾನೆ. ಕೇಳುವವರು ಮನಸ್ಸಿನಲ್ಲಿದ್ದದ್ದನ್ನು ಹೇಳಿಕೊಂಡು ಕೈಮುಗಿದು ನಿಲ್ಲುತ್ತಾರೆ. ದೇವಿಯ ಬಲಭುಜದ್ದು ಮೊದಲು ಬಿದ್ದರೆ ಹೂಂ, ಎಡಭುಜದ್ದು ಮೊದಲು ಬಿದ್ದರೆ ಬೇಡ. ಬೋರು ಹೊಡೆಸುವುದಕ್ಕೂ ಕೇಳುತ್ತಾರೆ, ಹೆಣ್ಣು ಕೊಡುವುದಕ್ಕೂ ಕೇಳುತ್ತಾರೆ, ಹಳೆಯ ಟಂಟಂ ಆಟೋ ಕೊಳ್ಳುವುದಕ್ಕೂ ಕೇಳುತ್ತಾರೆ. ಅಂಗಡಿ ಇಡುವಾಗ ನಾನೂ ಕೇಳಿದವಳೇ. ಹಾಗಾಗಿ ಬೇರೆಯವರನ್ನು ನೋಡಿ ನಗುವ ಹಕ್ಕು ನನಗಿಲ್ಲ.

ಸ್ನೇಹಾಳಿಗೂ ಕೇಳಿದ್ದರು. ಚಿಕ್ಕವಳಿದ್ದಾಗ ಬಂದ ಜ್ವರವೊಂದು ಅವಳ ಹೃದಯದ ಕವಾಟವನ್ನು ಬಿಗಿ ಮಾಡಿಟ್ಟು ಹೋಗಿತ್ತು. ನಮಗೆ ಯಾರಿಗೂ ಗೊತ್ತಿರಲಿಲ್ಲ. ಮದುವೆಯಾದ ಮೇಲೆ ಮಾಳಿಗೆ ಮೆಟ್ಟಿಲು ಹತ್ತಿದರೆ ಏದುಸಿರು, ಕೊಡ ಎತ್ತಿದರೆ ಏದುಸಿರು. ಹಾವೇರಿಯ ಡಾಕ್ಟರು ಎದೆಗೆ ಕೊಳವೆ ಇಟ್ಟು ಕೇಳಿ, ಮುಖ ಸಣ್ಣದು ಮಾಡಿಕೊಂಡು, ಹುಬ್ಬಳ್ಳಿಗೆ ಕಳಿಸಿದರು. ಹುಬ್ಬಳ್ಳಿಯ ಡಾಕ್ಟರು ಎಲ್ಲ ತಪಾಸಣೆ ಮಾಡಿ, "ಆಪರೇಷನ್ ಮಾಡಿದ್ರ ನೂರರಾಗ ತೊಂಬತ್ತೈದು ಮಂದಿ ಆರಾಮ ಆಗ್ತಾರ. ತಡಾ ಮಾಡಬ್ಯಾಡ್ರಿ" ಅಂದರು. ಅಲ್ಲೇ ಕುಳಿತಿದ್ದ ಸಿದ್ದಲಿಂಗೇಶನ ತಾಯಿ ಮುತ್ತವ್ವ, "ಉಳದ ಐದು ಮಂದಿ?" ಎಂದು ಕೇಳಿದಳು. ಡಾಕ್ಟರು ಮುಂದಿನ ಪೇಶಂಟನ್ನು ಕರೆದರು.

ಮುತ್ತವ್ವ ಕೆಟ್ಟ ಅತ್ತೆಯಲ್ಲ. ಇದನ್ನು ನಾನು ಹಲ್ಲು ಕಚ್ಚಿಯಾದರೂ ಹೇಳಲೇಬೇಕು. ಸೊಸೆಗೆ ಬಾವಿಯಿಂದ ನೀರು ಸೇದಲು ಬಿಡುತ್ತಿರಲಿಲ್ಲ. ಅವಳು ಮಲಗಿದರೆ ಮನೆಯಲ್ಲಿ ಪಾತ್ರೆ ಸದ್ದು ಮಾಡಲು ಬಿಡುತ್ತಿರಲಿಲ್ಲ. ಆ ಐದು ಮಂದಿಯಲ್ಲಿ ತನ್ನ ಸೊಸೆ ಒಬ್ಬಳಾದರೆ ಎಂಬ ಹೆದರಿಕೆಯಲ್ಲೇ ಅವಳು ಗುಡಿಗೆ ಹೋದದ್ದು. ಹೂ ಎಡಕ್ಕೆ ಬಿತ್ತು. ಸಿದ್ದಲಿಂಗೇಶ ಕೂಗಾಡಿದ, ಊಟ ಬಿಟ್ಟ, ಕೊನೆಗೆ ಸೋತ. "ಒಂದು ತಿಂಗಳು ತಡ್ಯೂಣು, ಆಮ್ಯಾಲ ಮತ್ತ ಕೇಳೋಣು" ಎಂದಳು ಮುತ್ತವ್ವ. "ಇರ್ಲಿ ಬಿಡ್ರಿ, ಅತ್ತಿ ಮನಸ್ಸು ಯಾಕ ನೋಯಸೂದು" ಎಂದಳು ನನ್ನ ತಂಗಿ. ನನಗೆ ಫೋನಿನಲ್ಲಿ ತಿಳಿಸಿದರು. ನಾನು ಬಾಯಿಗೆ ಬಂದಂತೆ ಬೈದೆ. ಬೈದದ್ದರಿಂದ ಏನೂ ಆಗಲಿಲ್ಲ.

ಆ ತಿಂಗಳು ಮುಗಿಯಲೇ ಇಲ್ಲ. ಒಂದು ಬೆಳಿಗ್ಗೆ ರೊಟ್ಟಿ ಬಡಿಯುತ್ತಿದ್ದವಳು ಒಲೆಯ ಮುಂದಿನಿಂದ ಎದ್ದು ಬಾಗಿಲಿಗೆ ಬಂದಳಂತೆ, ಗಾಳಿ ಬೇಕೆಂದಳಂತೆ. ಹಾವೇರಿಗೆ ಒಯ್ಯುವ ದಾರಿಯಲ್ಲೇ ಮುಗಿಯಿತು. ಅವಳ ಬೆರಳ ಸಂದಿಯಲ್ಲಿ ಜೋಳದ ಹಿಟ್ಟು ಒಣಗಿತ್ತು. ಅದನ್ನು ತೊಳೆದವಳು ನಾನು.

ಮಣ್ಣು ಮಾಡಿ ಬಂದ ದಿನ ಮುತ್ತವ್ವ ಗೋಡೆಗೆ ಆತು ಕುಳಿತು ಎಲ್ಲರಿಗೂ ಒಂದೇ ಮಾತು ಹೇಳಿದಳು. "ದೇವಿ ಮೊದಲ ಹೇಳಿದ್ಲು. ಆಕಿಗೆ ಗೊತ್ತಿತ್ತು. ಆಪರೇಷನ್ ಮಾಡಿಸಿದ್ರ ಅಲ್ಲೇ ಟೇಬಲ್ ಮ್ಯಾಲೆ ಹೋಗತಿದ್ಲು. ಕೊಯ್ಸಿಕೊಂಡು ಸಾಯೂದು ತಪ್ಪಿತು." ನನಗೆ ಮೈಯೆಲ್ಲ ಉರಿದುಹೋಯಿತು. ಆದರೆ ಅವಳ ಮುಖ ನೋಡಿ ಎದ್ದು ಹಿತ್ತಲಿಗೆ ಹೋದೆ. ಆ ಒಂದು ಮಾತು ತೆಗೆದರೆ ಅವಳು ಅಲ್ಲೇ ಕುಸಿಯುತ್ತಾಳೆ ಎನ್ನುವುದು ಕಣ್ಣಿಗೆ ಕಾಣುತ್ತಿತ್ತು.

ಈಗ ಮಗ ಡಬ್ಬಿ ಇಟ್ಟುಕೊಂಡು ಕುಳಿತಿದ್ದಾನೆ.

"ಸಾಲ್ಯಾಗ ಹುಡುಗ್ರಿಗೆ ಕಲಸ್ತೇನ್ರಿ" ಎಂದ ಸಿದ್ದಲಿಂಗೇಶ, ನಾನು ಕೇಳದಿದ್ದರೂ. "ಏನಾಗಬೇಕು ಅನ್ನೂದು ಬ್ಯಾರೆ, ಏನಾತು ಅನ್ನೂದು ಬ್ಯಾರೆ. ಎರಡ ಹೂವು ಇದ್ರ, ಅರ್ಧಾ ಸಲ ಇದು, ಅರ್ಧಾ ಸಲ ಅದು ಬೀಳಬೇಕು. ಖರೇನ ಹಂಗ ಬೀಳತಾವೇನು ಅಂತ ನೋಡಬೇಕಂದ್ರ ಕುಂತು ಎಣಸಬೇಕು. ಎಡಕ್ಕ ಬಿದ್ದದ್ದನ್ನ ಒಟ್ಟು ಕೇಳಿದ್ದರಿಂದ ಭಾಗಿಸಬೇಕು. ಅದಕ್ಕ ಪ್ರಾಯೋಗಿಕ ಸಂಭವನೀಯತೆ ಅಂತಾರ. ನಾಣ್ಯ ಚಿಮ್ಮಿಸಿ ಕಲಸ್ತೇನಿ. ಐದು ಸಲ ಚಿಮ್ಮಿದ್ರ ಏನೂ ತಿಳಿಯೂದಿಲ್ಲ, ನೂರು ಸಲ ಚಿಮ್ಮಿದ್ರ ನಾಣ್ಯದ ಬುದ್ಧಿ ತಿಳೀತೈತಿ ಅಂತ."

"ಇದನ್ನ ತಿಳಕೊಂಡು ಏನ ಮಾಡ್ತೀರಿ?"

"ಸ್ನೇಹಾಗ ಒಮ್ಮೆ ಕೇಳಿದ್ವಿ. ಒಂದರಿಂದ ಏನೂ ಹೇಳಾಕ ಬರೂದಿಲ್ಲ. ಅದು ದೇವಿ ಮಾತೋ, ಬರೇ ಹೂವೋ, ನನಗ ತಿಳೀಬೇಕ್ರಿ."

ಅವನ ದನಿಯಲ್ಲಿ ಹುಚ್ಚಿರಲಿಲ್ಲ. ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು. ಬೈಯದೆ ಹಿಂದಿರುಗಿದೆ.

ಮಂಗಳವಾರ, ಶುಕ್ರವಾರ ಹೂ ಕೇಳುವ ದಿನ. ಸಾಲೆಗೆ ಬೇಸಿಗೆ ರಜೆ, ಮನೆಗಿಂತ ಗುಡಿ ತಂಪೆಂದು ಮಗ ಅಲ್ಲಿ ಕೂರುತ್ತಾನೆ ಎಂದು ಮುತ್ತವ್ವ ಅಂದುಕೊಂಡಿದ್ದಳು. ಮಗ ದೇವಿಯ ಕಡೆ ತಿರುಗಿದನಲ್ಲ ಎಂದು ಅವಳಿಗೆ ಒಳಗೊಳಗೇ ಸಮಾಧಾನವೂ ಇತ್ತು. ಹುಣಸೆಬೀಜವನ್ನು ಯಾವುದೋ ಹರಕೆ ಎಂದುಕೊಂಡು ತಾನೇ ತೊಳೆದು ಒಣಗಿಸಿ ಕೊಡುತ್ತಿದ್ದಳು.

ಬೇಸಿಗೆ ಮುಗಿಯುವ ಹೊತ್ತಿಗೆ ಅವನು ನನಗೆ ಫೋನ್ ಮಾಡಿ ಕರೆಸಿದ. ಮನೆಗೆ ಬೇಡ, ಬಸ್‌ಸ್ಟ್ಯಾಂಡಿಗೆ ಬನ್ನಿ ಎಂದ. ಚಹಾದಂಗಡಿಯ ಬೆಂಚಿನ ಮೇಲೆ ಕುಳಿತೆವು. ಮಾರ್ಕೆಟ್ ಕಡೆಯಿಂದ ಗಾಳಿ ಬೀಸುತ್ತಿತ್ತು. ಬ್ಯಾಡಗಿಯಲ್ಲಿ ಇದೊಂದು ಅನುಕೂಲ. ಮೆಣಸಿನಕಾಯಿ ಘಾಟಿಗೆ ಎಲ್ಲರ ಕಣ್ಣಲ್ಲೂ ನೀರು, ಯಾಕೆ ಅಳುತ್ತೀರಿ ಎಂದು ಯಾರೂ ಕೇಳುವುದಿಲ್ಲ.

"ನೂರಾ ಇಪ್ಪತ್ತು ಸಲ ನೋಡಿದೆ. ತೊಂಬತ್ತು ಸಲ ಎಡಕ್ಕ ಬಿತ್ರಿ."

"ಅಂದ್ರ?"

"ನಾಕರಾಗ ಮೂರು ಸಲ ಬ್ಯಾಡ ಅನ್ನತೈತಿ. ಯಾರು ಕೇಳಿದ್ರೂ, ಏನ ಕೇಳಿದ್ರೂ."

ಯಾಕೆ ಹಾಗೆ ಎನ್ನುವುದೂ ಅವನಿಗೆ ಗೊತ್ತಾಗಿತ್ತು. ಗರ್ಭಗುಡಿಯ ಬಾಗಿಲ ಬದಿಯಲ್ಲಿ, ದೇವಿಯ ಎಡಗಡೆಗೆ, ಗೋಡೆಗೆ ಒಂದು ಫ್ಯಾನ್ ಇದೆ. ಧೂಪದ ಹೊಗೆಗೆ ಪೂಜಾರಿ ಹೊಳಿಯಪ್ಪನ ಕಣ್ಣು ಉರಿಯುತ್ತದೆಂದು ಮೆಣಸಿನಕಾಯಿ ದಲಾಲಿ ಅಂದಾನೆಪ್ಪ ಕೊಡಿಸಿದ್ದು. ಕೊಟ್ಟವರ ಹೆಸರನ್ನು ರೆಕ್ಕೆಗೂ ಬರೆಸಿ, ಮೋಟಾರಿಗೂ ಬರೆಸಿ, ಬರೆಯಲು ಇನ್ನೆಲ್ಲೂ ಜಾಗವಿಲ್ಲದಂತೆ ಮಾಡಿದ್ದಾರೆ. ಅದು ವರ್ಷವಿಡೀ ತಿರುಗುತ್ತದೆ. ಗಾಳಿ ತಾಗುವ ಕಡೆಯ ಎಸಳು ಬೇಗ ಒಣಗುತ್ತದೆ, ಬೇಗ ಬೀಳುತ್ತದೆ. ಅಷ್ಟೇ.

"ಸುಮ್ನ ಅಂದಾಜಿಗೆ ಹೇಳಾಕತ್ತಿಲ್ರಿ" ಎಂದ. "ಕರೆಂಟ್ ಹೋದಾಗ ಬಿದ್ದದ್ದನ್ನ ಅದರಾಗ ಹಿಡದಿಲ್ಲ, ಬ್ಯಾರೆ ಎರಡು ಡಬ್ಯಾಗ ಹಾಕೇನಿ. ನಲವತ್ತು ಸಲದಾಗ ಇಪ್ಪತ್ತೊಂದು ಎಡಕ್ಕ, ಹತ್ತೊಂಬತ್ತು ಬಲಕ್ಕ. ಸರಿಸುಮಾರು ಅರ್ಧಾ ಅರ್ಧಾ."

ಒಂದು ಫ್ಯಾನು. ನನ್ನ ತಂಗಿಯ ಉಸಿರು ಒಂದು ಗೋಡೆ ಫ್ಯಾನಿನ ಕೈಯಲ್ಲಿತ್ತು. ಚಹಾದ ಕಪ್ಪು ಕೆಳಗಿಟ್ಟು ಎದ್ದೆ. ಈಗಲೇ ಹೋಗಿ ಮುತ್ತವ್ವನಿಗೆ ಹೇಳುತ್ತೇನೆ, ದೇವಿ ಹೇಳಿದ್ದಲ್ಲ, ಅಂದಾನೆಪ್ಪನ ಫ್ಯಾನು ಹೇಳಿದ್ದು ಎಂದು ಮುಖದ ಮುಂದೆ ಹೇಳುತ್ತೇನೆ ಎಂದೆ. ಸಿದ್ದಲಿಂಗೇಶ ನನ್ನ ಸೆರಗಿನ ತುದಿ ಹಿಡಿದುಕೊಂಡ. ಬಸ್‌ಸ್ಟ್ಯಾಂಡಿನಲ್ಲಿ, ಅಷ್ಟು ಜನರ ಮುಂದೆ.

"ಬ್ಯಾಡ್ರಿ ಅಕ್ಕಾರ. ನಿಮ್ಮ ಕಾಲಿಗೆ ಬೀಳ್ತೇನಿ. ಆಕಿ ದೇವಿ ಹೇಳಿದ್ಲು ಅನ್ನೂದರ ಮ್ಯಾಲ ಬದುಕ್ಯಾಳ. ಅದನ್ನ ತಗದ್ರ, ಸೊಸಿನ್ನ ನಾನ ಕೊಂದೆ ಅಂತ ಆಕಿಗೆ ಆಗ್ತೈತಿ. ಒಬ್ಬಾಕಿ ಹೋಗ್ಯಾಳ, ಸಾಕು."

ನಾನು ಕುಳಿತೆ. ಅವನಿಗಾಗಿ ಸುಮ್ಮನಾದೆ, ಅವಳಿಗಾಗಿ ಅಲ್ಲ.

ದೀಪಾವಳಿ ಕಳೆದು ಚಳಿ ಶುರುವಾದಾಗ ಮುತ್ತವ್ವನ ಎದೆಯಲ್ಲಿ ಗಂಟು ಕಾಣಿಸಿತು. ಅವಳು ಅದನ್ನು ಎಷ್ಟು ದಿನದಿಂದ ಮುಚ್ಚಿಟ್ಟಿದ್ದಳೋ. ಮೈ ತೊಳೆಯಲು ಬಿಸಿನೀರು ಹೊಯ್ಯುತ್ತಿದ್ದ ಪಕ್ಕದ ಮನೆಯವಳು ನೋಡಿ ಮಗನಿಗೆ ಹೇಳಿದಳು. ಹುಬ್ಬಳ್ಳಿಗೆ ಒಯ್ದರು, ಸೂಜಿ ಹಾಕಿ ಪರೀಕ್ಷೆ ಮಾಡಿದರು. ಕೆಟ್ಟ ಗಂಟೇ. ಆದರೆ ಇನ್ನೂ ಹರಡಿಲ್ಲ, ಈಗಲೇ ತೆಗೆದರೆ ಉಳಿಯುತ್ತಾರೆ, ಬಿಟ್ಟರೆ ಉಳಿಯುವುದಿಲ್ಲ ಎಂದರು. ಮುತ್ತವ್ವ ತಲೆಯ ಮೇಲೆ ಸೆರಗು ಸರಿಮಾಡಿಕೊಂಡು, "ಹೂ ಕೇಳ್ತೇನಿ. ಕೊಟ್ರ ಮಾಡಸ್ಕೋತೇನಿ, ಕೊಡಲಿಲ್ಲಂದ್ರ ಇಲ್ಲ" ಎಂದಳು. ಮಗ ಕೈಮುಗಿದ. ಊರ ಹಿರಿಯರಿಂದ ಹೇಳಿಸಿದ. ಅವಳು ಕಲ್ಲಾಗಿ ಕುಳಿತಳು.

"ಶುಕ್ರವಾರ ಬರ್ರಿ" ಎಂದು ನನಗೆ ಫೋನ್ ಮಾಡಿದ. "ಒಬ್ಬಾವಗ ಧೈರ್ಯ ಆಗವಲ್ದು."

ಹಿಂದಿನ ದಿನವೇ ಹೋದೆ. ಮುತ್ತವ್ವ ದನಕ್ಕೆ ನೀರು ತೋರಿಸಲು ಹಿತ್ತಲಿಗೆ ಹೋದಾಗ ಅವನು ಅಡುಗೆಮನೆಗೆ ಬಂದು ದನಿ ತಗ್ಗಿಸಿ ಹೇಳಿದ.

"ಫ್ಯಾನ್ ಬಂದ್ ಮಾಡಸ್ತೇನಿ."

"ಬಂದ್ ಮಾಡಿದ್ರೂ ಅರ್ಧ ಅಲ್ಲೇನ್ರಿ?"

"ಅರ್ಧರೆ ಸಿಗ್ತೈತಿ. ಕಾಲಿಗಿಂತ ಅರ್ಧ ಛಲೋ."

"ಅದಕ್ಕಿಂತ ಹೊಳಿಯಪ್ಪಗ ಹೇಳಿ ಎಡದ ಎಸಳಿಗೆ ಒಂದೀಟು ಬೆಲ್ಲದ ನೀರು ಹಚ್ಚಸ್ರಿ. ಸಂಜೀತನಕ ಬೀಳೂದಿಲ್ಲ."

"ಅದು ಮೋಸ ಆಗ್ತೈತ್ರಿ."

"ಫ್ಯಾನ್ ಬಂದ್ ಮಾಡೂದು ಮೋಸ ಅಲ್ಲೇನು?"

"ಅಲ್ರಿ. ಅಲ್ಲಿ ಇದ್ದ ಮೋಸಾನ ತಗಿಯೂದು ಅದು."

ತಾಯಿಯ ಜೀವ ಹೋಗುತ್ತಿರುವಾಗಲೂ ಮಾಸ್ತರಿಕೆ ಬಿಡದ ಇವನನ್ನು ಕಂಡು ನನಗೆ ಅಯ್ಯೋ ಎನಿಸಿತು. ಸಿಟ್ಟೂ ಬಂತು. ನನ್ನ ತಂಗಿಗೆ ಅರ್ಧವನ್ನು ಯಾರು ಕೊಡಿಸಿದ್ದರು? ಅವಳಿಗೆ ಸಿಕ್ಕದ್ದು ಕಾಲು. ಈಗ ಅತ್ತೆಗೆ ಅರ್ಧ. ಬದನೆಕಾಯಿ ಹೆಚ್ಚುತ್ತ ಕುಳಿತೆ.

ಶುಕ್ರವಾರ ಬೆಳಿಗ್ಗೆ ಗುಡಿಯಲ್ಲಿ ಬೇರೆ ಯಾರೂ ಇರಲಿಲ್ಲ. ಮುತ್ತವ್ವ ತಲೆಗೆ ಎರೆದುಕೊಂಡು, ಸ್ನೇಹಾ ಉಡುತ್ತಿದ್ದ ಹಸಿರು ಇಳಕಲ್ ಸೀರೆ ಉಟ್ಟು ಬಂದಿದ್ದಳು. ಹೊಳಿಯಪ್ಪ ಎಸಳು ಅದ್ದಿ ಎರಡೂ ಭುಜಕ್ಕೆ ಅಂಟಿಸಿ ಹಿಂದೆ ಸರಿದ. ಎಡದ ಎಸಳಿನ ತುದಿ ಗಾಳಿಗೆ ಅಲುಗುತ್ತಿತ್ತು. ಬಲದ್ದು ಸುಮ್ಮನಿತ್ತು.

"ಹೊಳಿಯಪ್ಪ, ಆ ಫ್ಯಾನ್ ಒಂದೀಟು ಬಂದ್ ಮಾಡಪಾ" ಎಂದ ಸಿದ್ದಲಿಂಗೇಶ. "ಅವ್ವಗ ಥಂಡಿ ಆಗ್ತೈತಿ."

ಹೊಳಿಯಪ್ಪ ಬಟನ್ ಒತ್ತಿದ. ರೆಕ್ಕೆಗಳು ನಿಧಾನಕ್ಕೆ ನಿಂತು, ಅಂದಾನೆಪ್ಪನ ಹೆಸರು ಓದಲು ಬಂತು. ಎಡದ ಎಸಳೂ ನಿಂತಿತು.

ಮುತ್ತವ್ವ ಕಣ್ಣು ಮುಚ್ಚಿರಲಿಲ್ಲ. ಅವಳು ಎಸಳನ್ನೇ ನೋಡುತ್ತಿದ್ದಳು. ಆಮೇಲೆ ಫ್ಯಾನನ್ನು ನೋಡಿದಳು. ಮತ್ತೆ ಎಸಳನ್ನು ನೋಡಿದಳು. ಕೊನೆಗೆ ಮಗನನ್ನು ನೋಡಿದಳು.

"ನನಗ ಥಂಡಿ ಆಗಿಲ್ಲ."

"ಇರ್ಲಿ ಬಿಡು ಯವ್ವಾ."

"ಸ್ನೇಹಾಗ ಕೇಳಿದಾಗ ಇದು ತಿರಗತಿತ್ತು."

ಆ ಕ್ಷಣದಲ್ಲಿ ಸಿದ್ದಲಿಂಗೇಶ ಒಂದು ಸುಳ್ಳು ಹೇಳಿದ್ದರೆ ಸಾಕಿತ್ತು. ಆದರೆ ಅವನಿಗೆ ಬರಲಿಲ್ಲ. ಅವನ ಮುಖವೇ ಎಲ್ಲ ಹೇಳಿಬಿಟ್ಟಿತು.

"ಹುಣಸಿಬೀಜ ಹಾಕಿ ಇದನ್ನ ಎಣಸತಿದ್ದೇನು?"

"ಹೂಂ."

"ಎಷ್ಟ ಬಂತು?"

"ಯವ್ವಾ..."

"ಹೇಳು."

"ಫ್ಯಾನ್ ಇದ್ರ ನಾಕರಾಗ ಮೂರು ಎಡಕ್ಕ ಬೀಳತಾವು."

ಆ ಬೀಜಗಳನ್ನು ತೊಳೆದು ಒಣಗಿಸಿ ಕೊಟ್ಟವಳು ಅವಳೇ. ಅವಳು ಅಳುತ್ತಾಳೆ, ಬೀಳುತ್ತಾಳೆ ಎಂದು ನಾನು ಎರಡು ಹೆಜ್ಜೆ ಹತ್ತಿರ ಸರಿದೆ. ಅವಳು ಬೀಳಲಿಲ್ಲ. ಬಹಳ ಹೊತ್ತು ದೇವಿಯ ಮುಖ ನೋಡಿದಳು. ಸಿಟ್ಟಿನಿಂದಲ್ಲ. ಪರಿಚಯದವರೆಂದು ಕೂಗಿ ಕರೆದು, ಹತ್ತಿರ ಬಂದ ಮೇಲೆ ಬೇರೆ ಯಾರೋ ಎಂದು ಗೊತ್ತಾದಾಗ ನೋಡುತ್ತೇವಲ್ಲ, ಹಾಗೆ.

"ಹೊಳಿಯಪ್ಪ, ಫ್ಯಾನ್ ಹಚ್ಚು. ಎಸಳು ತಗದು ಹೊಸಾವು ಹಚ್ಚು."

"ಯವ್ವಾ, ಬ್ಯಾಡ" ಎಂದ ಮಗ. "ನಿನ್ನ ಕಾಲು ಹಿಡೀತೇನಿ. ಹೂ ಬ್ಯಾಡ, ಏನೂ ಬ್ಯಾಡ, ನಡಿ ದವಾಖಾನಿಗೆ ಹೋಗೂಣು."

"ಆಕಿಗೆ ಎಷ್ಟು ಗಾಳಿ ಇತ್ತೋ ನನಗೂ ಅಷ್ಟ ಇರ್ಲಿ. ಹಚ್ಚು ಹೊಳಿಯಪ್ಪ."

ಫ್ಯಾನ್ ತಿರುಗಿತು. ಹೊಳಿಯಪ್ಪ ಹೊಸ ಎಸಳು ಅಂಟಿಸಿದ. ಸಿದ್ದಲಿಂಗೇಶ ಕಂಬಕ್ಕೆ ಹಣೆ ಹಚ್ಚಿ ನಿಂತುಬಿಟ್ಟ, ನೋಡಲೇ ಇಲ್ಲ. ನಾನು ನೋಡಿದೆ. ಮುಚ್ಚಿಟ್ಟು ಪ್ರಯೋಜನವಿಲ್ಲ, ಎಡಕ್ಕೆ ಬೀಳಲಿ ಎಂದೇ ಬೇಡಿಕೊಂಡೆ. ನನ್ನ ತಂಗಿಗೆ ಕೊಡದ್ದನ್ನು ಇವಳಿಗೂ ಕೊಡಬೇಡ ಎಂದು ಹೊಟ್ಟೆಯೊಳಗಿಂದ ಬೇಡಿಕೊಂಡೆ. ಎಡದ ಎಸಳು ಅಲುಗಿತು, ಅಂಚು ಎದ್ದು ನಿಂತಿತು, ಇನ್ನೇನು ಬಿತ್ತು ಅನ್ನುವಷ್ಟರಲ್ಲಿ ಬಲದ ಎಸಳು ಸದ್ದಿಲ್ಲದೆ ಜಾರಿ ದೇವಿಯ ಪಾದಕ್ಕೆ ಬಿತ್ತು.

"ಕೊಟ್ಲವ್ವಾ, ಬಲಕ್ಕ ಕೊಟ್ಲು" ಎಂದ ಹೊಳಿಯಪ್ಪ. ಎಲ್ಲ ಕೇಳಿಸಿಕೊಂಡೂ ಏನೂ ತಿಳಿಯದ ಅವನೊಬ್ಬನಿಗೇ ಸಂತೋಷವಾಗಿತ್ತು.

ನಾಲ್ಕರಲ್ಲಿ ಒಂದು. ಅದು ಸ್ನೇಹಾಳಿಗೂ ಇತ್ತು. ಇದೇ ಗಾಳಿಯಲ್ಲಿ, ಇದೇ ಭುಜದಿಂದ, ಅವಳಿಗೂ ಬೀಳಬಹುದಿತ್ತು. ಅಷ್ಟು ದಿನ ಫ್ಯಾನನ್ನು ಬೈದುಕೊಂಡಾದರೂ ಇದ್ದೆ. ಬಲಕ್ಕೂ ಬೀಳುತ್ತದೆ ಎಂದು ಕಣ್ಣಾರೆ ಕಂಡ ಮೇಲೆ ನನಗೆ ಬೈಯಲು ಯಾರೂ ಉಳಿಯಲಿಲ್ಲ. ಅಲ್ಲೇ ಕಟ್ಟೆಯ ಮೇಲೆ ಕುಳಿತೆ.

ಮುತ್ತವ್ವ ಎಸಳನ್ನು ಎತ್ತಿಕೊಳ್ಳಲಿಲ್ಲ. ಅವಳ ಗಟ್ಟಿತನವೆಲ್ಲ ಆಗ ಒಡೆಯಿತು.

"ಇದಲ್ಲ. ಆಕಿಗೆ ಕೊಡದ್ದು ನನಗ್ಯಾಕ? ಇನ್ನೊಮ್ಮಿ ಹಚ್ಚು ಹೊಳಿಯಪ್ಪ. ಇನ್ನೊಮ್ಮಿ ಕೇಳ್ತೇನಿ."

ಸಿದ್ದಲಿಂಗೇಶ ಕಂಬ ಬಿಟ್ಟು ಬಂದ. ತಾಯಿಯ ಎರಡೂ ಕೈ ಹಿಡಿದುಕೊಂಡ.

"ಇಲ್ಲ ಯವ್ವಾ. ಆಕಿಗೆ ಒಮ್ಮೆ ಕೇಳಿದ್ವಿ. ನಿನಗೂ ಒಮ್ಮೆ."

ಮುತ್ತವ್ವ ಮಗನ ಹಿಂದೆ ನಡೆದು ಬಂದಳು. ಸೋಮವಾರ ಹುಬ್ಬಳ್ಳಿಗೆ ಒಯ್ದೆವು. ಡಾಕ್ಟರು ನೂರರಲ್ಲಿ ಎಷ್ಟು ಮಂದಿ ಎಂದು ಶುರು ಮಾಡಿದಾಗ ಮುತ್ತವ್ವ ಕೈಯೆತ್ತಿ, "ಹೇಳಬ್ಯಾಡ್ರಿ" ಎಂದಳು. ಹೆಬ್ಬೆಟ್ಟು ಒತ್ತಿದಳು. ಬಳೆ ಬಿಚ್ಚಿ ನನ್ನ ಕೈಗೆ ಕೊಟ್ಟಳು.

ಆಪರೇಷನ್ ಚೆನ್ನಾಗಿ ಆಯಿತು. ಸಿದ್ದಲಿಂಗೇಶ ಔಷಧಿ ತರಲು ಕೆಳಗೆ ಹೋಗಿದ್ದ. ನಾನೊಬ್ಬಳೇ ಹಾಸಿಗೆಯ ಪಕ್ಕದಲ್ಲಿದ್ದೆ. ಮುತ್ತವ್ವ ಕಣ್ಣು ತೆರೆದು, ನನ್ನನ್ನು ಗುರುತು ಹಿಡಿಯಲು ಸ್ವಲ್ಪ ಹೊತ್ತು ತೆಗೆದುಕೊಂಡಳು.

"ಶ್ರೀದೇವಿ, ಉಳದ್ನೇನು?"

"ಉಳದೀರಿ ಅತ್ತಿ."

ಅವಳು ಮುಖವನ್ನು ಗೋಡೆಯ ಕಡೆ ತಿರುಗಿಸಿದಳು. ಮೊದಲು ಭುಜ ಅಲುಗಿತು, ಆಮೇಲೆ ಸದ್ದು ಬಂತು. ಸ್ನೇಹಾಳ ಹೆಸರು ಹಿಡಿದು ಅಳತೊಡಗಿದಳು. ತೀರಿಕೊಂಡ ದಿನವೂ ಅವಳು ಹೀಗೆ ಅತ್ತಿರಲಿಲ್ಲ. ಹೊಲಿಗೆ ಎಳೆಯುತ್ತದೆ, ಅಳಬಾರದು, ನೀವಾದರೂ ಹೇಳಿ ಎಂದು ನರ್ಸು ಬಂದು ನನಗೆ ಹೇಳಿದಳು. ನಾನು ಹೇಳಲಿಲ್ಲ. ಅವಳ ಕಾಲ ಬಳಿ ಕುಳಿತು, ಅತ್ತು ಮುಗಿಸಲಿ ಎಂದು ಕಾದೆ.